ಮೂಗ ತಿಂದ ಕಹಿ

ಚೀನಾದವರ ಒಂದು ಗಾದೆ ಇದೆ, ಮೂಗ ಹುವಾಂಗ್‌ಲಿಯಾನ್ ತಿಂದ ಹಾಗೆ ಅಂತ. ಬಾಯಿ ತುಂಬ ಕಹಿ, ಆದ್ರೆ ಹೇಳ್ಕೊಳ್ಳೋಕೆ ಆಗಲ್ಲ. ನಮ್ಮಲ್ಲಿ ಕಳ್ಳನಿಗೆ ಚೇಳು ಕಡಿದ ಹಾಗೆ ಅಂತೀವಲ್ಲ, ಹೆಚ್ಚುಕಮ್ಮಿ ಅದೇ. ಹುವಾಂಗ್‌ಲಿಯಾನ್ ಅಂದ್ರೆ ಒಂದು ಗಡ್ಡೆ, ನೋಡೋಕೆ ಒಣಗಿದ ಕೋಳಿ ಕಾಲಿನ ಥರ, ಮುರಿದ್ರೆ ಒಳಗೆ ಕಡು ಅರಿಶಿನ ಬಣ್ಣ. ಇಷ್ಟೇ ಇಷ್ಟು ಚೂರು ನಾಲಿಗೆ ಮೇಲೆ ಇಟ್ಕೊಂಡೆ ಒಂದ್ಸಲ. ಹಾಗಲಕಾಯಿ ಗೊಜ್ಜು, ಬೇವಿನ ಚಿಗುರು, ಅಮೃತಬಳ್ಳಿ ಕಷಾಯ ಎಲ್ಲಾ ಕುಡಿದು ಬೆಳೆದವನು ನಾನು, ನನಗೆ ಕಹಿ ಏನು ದೊಡ್ಡ ವಿಷ್ಯ ಅಂತ ಧಿಮಾಕು ಬೇರೆ ಇತ್ತು. ಇಪ್ಪತ್ತು ನಿಮಿಷ ಆದ್ಮೇಲೂ ಗಂಟಲಲ್ಲಿ ಕೂತಿತ್ತು ಸ್ವಾಮಿ ಆ ಕಹಿ, ಮೇಲೆ ಎರಡು ಕಪ್ ಟೀ ಕುಡಿದ್ರೂ ಇಳೀಲಿಲ್ಲ.

ಇದು ಶಾಂಘೈನಲ್ಲಿ ನಡೆದಿದ್ದು. 2018ರಲ್ಲಿ ಕಂಪನಿ ಕೆಲಸಕ್ಕೆ ಅಂತ ಹೋಗಿದ್ದೆ, ಒಂದೂವರೆ ವರ್ಷ ಇದ್ದೆ. ನನಗೆ ಶುಗರ್ ಅಂತ ಗೊತ್ತಾಗಿ ಆಗಲೇ ಮೂರು ವರ್ಷ ಆಗಿತ್ತು, ಮೈಸೂರಲ್ಲಿ ಡಾಕ್ಟ್ರು ಮೆಟ್‌ಫಾರ್ಮಿನ್ ಕೊಟ್ಟಿದ್ರು, ನಾನು ಅದನ್ನ ನೆನಪಾದಾಗ ನುಂಗ್ತಿದ್ದೆ. ಅಲ್ಲಿಗೆ ಹೋದ್ಮೇಲೆ ಬೆಳಿಗ್ಗೆ ಬಾವೋಜ಼ಿ (ಹಬೆಲಿ ಬೇಯಿಸಿದ ಬನ್ನು), ಮಧ್ಯಾಹ್ನ ನೂಡಲ್ಸ್, ರಾತ್ರಿ ಆಫೀಸಿನವರ ಜೊತೆ ಅನ್ನ, ಬಿಯರ್. ಎಚ್‌ಬಿಎ1ಸಿ, ಅಂದ್ರೆ ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸೋ ರಕ್ತ ಪರೀಕ್ಷೆ, 8.1 ಬಂತು. ಅದಕ್ಕಿಂತ ತಲೆ ಕೆಡಿಸಿದ್ದು ಬೆಳಗಿನ ರೀಡಿಂಗು. ರಾತ್ರಿ ಏಳಕ್ಕೇ ಊಟ ಮುಗಿಸಿ, ಏನೂ ತಿನ್ನದೆ ಮಲಗಿ, ಬೆಳಿಗ್ಗೆ ಎದ್ದು ಬೆರಳು ಚುಚ್ಚಿದ್ರೆ 150, 160. ತಿಂದಿಲ್ಲ ಅಂದ್ಮೇಲೆ ಸಕ್ಕರೆ ಎಲ್ಲಿಂದ ಬಂತಪ್ಪ?

ಎಲ್ಲಿಂದ ಅಂದ್ರೆ ನಮ್ಮದೇ ಲಿವರ್‌ನಿಂದ. ಇದು ನನಗೆ ಅರ್ಥ ಆಗಿದ್ದು ಲೇಟಾಗಿ. ಲಿವರ್ ಅನ್ನೋದು ಮನೆ ಉಗ್ರಾಣ ಇದ್ದ ಹಾಗೆ, ನಾವು ಉಪವಾಸ ಇದ್ದಾಗ ಮಿದುಳಿಗೆ ಬೇಕಾದ ಸಕ್ಕರೆನ ಅದೇ ಬಿಡ್ತಾ ಇರುತ್ತೆ, ಇನ್ಸುಲಿನ್ ಬಂದು ಸಾಕು ಬಾಗಿಲು ಹಾಕು ಅಂದಾಗ ಹಾಕುತ್ತೆ. ಟೈಪ್ ಟೂ ಶುಗರ್‌ನಲ್ಲಿ ಲಿವರ್‌ಗೆ ಆ ಮಾತು ಸರಿಯಾಗಿ ಕೇಳ್ಸಲ್ಲ. ಸ್ನಾಯುಗಳದ್ದೂ ಅದೇ ಕಥೆ, ರಕ್ತದಲ್ಲಿ ಸಕ್ಕರೆ ತುಂಬಿ ತುಳುಕ್ತಾ ಇದ್ರೂ ಒಳಗೆ ಎಳ್ಕೊಳ್ಳಲ್ಲ. ಹೊಟ್ಟೆ ಸುತ್ತ ಇರೋ ಕೊಬ್ಬು ಕರಗಿ ರಕ್ತಕ್ಕೆ ಸೇರ್ತಾ ಇರುತ್ತೆ, ಅದು ಲಿವರ್‌ನಲ್ಲಿ ಹೋಗಿ ಕೂರುತ್ತೆ, ಕೂತಷ್ಟೂ ಲಿವರ್ ಇನ್ನಷ್ಟು ಕಿವುಡಾಗುತ್ತೆ. ಅಂದ್ರೆ ಇದು ಬರೀ ಸಕ್ಕರೆ ಜಾಸ್ತಿ ತಿಂದಿದ್ದರ ಕಾಯಿಲೆ ಅಲ್ಲ, ಇಡೀ ಮನೆ ಲೆಕ್ಕಾಚಾರನೇ ಹಳಿ ತಪ್ಪೋದು.

ನನ್ನ ಕಷ್ಟ ಕೇಳಿ ಆಫೀಸಲ್ಲಿ ಪಕ್ಕ ಕೂರ್ತಿದ್ದ ಲಾವೋ ವಾಂಗ್ (ಲಾವೋ ಅಂದ್ರೆ ಹಳಬ, ನಮ್ಮಲ್ಲಿ ವಾಂಗಣ್ಣ ಅಂದ ಹಾಗೆ ಇಟ್ಕೊಳ್ಳಿ) ಒಂದು ಶನಿವಾರ ಅವನ ಅಮ್ಮ ತೋರಿಸ್ತಿದ್ದ ಚೀನೀ ವೈದ್ಯರ ಹತ್ರ ಕರ್ಕೊಂಡು ಹೋದ. ಗಡ್ಡ ಬಿಟ್ಟ ಮುದುಕ, ಊದುಬತ್ತಿ ಹೊಗೆ, ಆ ಥರ ಏನೋ ಅಂದ್ಕೊಂಡಿದ್ದೆ. ಬಿಳಿ ಕೋಟು, ಕಂಪ್ಯೂಟರು, ಟೋಕನ್ ನಂಬರ್ರು. ವೈದ್ಯೆ ನನಗಿಂತ ಚಿಕ್ಕೋರು. ಮೇಜಿನ ಮೇಲೆ ಒಂದು ಪುಟ್ಟ ದಿಂಬು ಇತ್ತು, ಅದರ ಮೇಲೆ ಮಣಿಕಟ್ಟು ಇಡಿಸಿ ಮೂರು ಬೆರಳಲ್ಲಿ ನಾಡಿ ಹಿಡಿದ್ರು, ಎಡಗೈ ಆದ್ಮೇಲೆ ಬಲಗೈ. ನಾಲಿಗೆ ಚಾಚು ಅಂದ್ರು, ಫೋನ್ ಟಾರ್ಚ್ ಹಾಕಿ ನೋಡಿದ್ರು. ಆಮೇಲೆ ಶುರುವಾಯ್ತು ನೋಡಿ ಪ್ರಶ್ನೆ. ಬೆಳಿಗ್ಗೆ ಎದ್ದಾಗ ಬಾಯಿ ಕಹಿನಾ, ಸಿಹಿನಾ? ಬಾಯಾರಿಕೆ ಆದ್ರೆ ತಣ್ಣೀರು ಬೇಕು ಅನ್ಸುತ್ತಾ ಬಿಸಿನೀರಾ? ಮಲ ಕಮೋಡಿಗೆ ಅಂಟ್ಕೊಳ್ಳುತ್ತಾ? ಇದನ್ನೆಲ್ಲ ಲಾವೋ ವಾಂಗ್ ಇಂಗ್ಲಿಷಿಗೆ ತರ್ಜುಮೆ ಮಾಡ್ಬೇಕು, ನಾನು ಉತ್ತರ ಹೇಳ್ಬೇಕು, ಸೋಮವಾರ ಇಬ್ರೂ ಒಂದೇ ಮೀಟಿಂಗಲ್ಲಿ ಕೂರ್ಬೇಕು.

ನನ್ನ ರಿಪೋರ್ಟನ್ನೂ ನೋಡಿದ್ರು, ಮೆಟ್‌ಫಾರ್ಮಿನ್ ನಿಲ್ಲಿಸ್ಬೇಡ ಅಂದ್ರು. ಇದು ನನಗೆ ಹಿಡಿಸ್ತು. ನಮ್ಮಲ್ಲಿ ಎಷ್ಟು ಜನ ಮೊದಲ ಮಾತಿಗೇ ಇಂಗ್ಲಿಷ್ ಮೆಡಿಸಿನ್ ಬಿಡಿ ಅಂತಾರಲ್ಲ.

ಕೆಳಗಡೆ ಔಷಧಿ ಅಂಗಡಿಲಿ ಗೋಡೆ ತುಂಬ ಮರದ ಡ್ರಾಯರ್ರು. ಒಬ್ಬ ಹುಡುಗ ಚಿನ್ನ ತೂಗೋ ಥರ ಸಣ್ಣ ಕೋಲಿನ ತಕ್ಕಡಿ ಹಿಡ್ಕೊಂಡು ಒಂದೊಂದು ಬೇರನ್ನೂ ತೂಗಿ ಕಾಗದದ ಮೇಲೆ ಹರಡ್ತಾ ಹೋದ. ಗೆಗೆನ್, ಅದೊಂದು ಬಳ್ಳಿ ಗೆಡ್ಡೆ. ಹುವಾಂಗ್‌ಚಿನ್, ಅದೂ ಒಂದು ಬೇರು. ನಮ್ಮ ಜ್ಯೇಷ್ಠಮಧು. ಒಣಶುಂಠಿ. ಮತ್ತೆ ಆ ಕೋಳಿ ಕಾಲು, ಹುವಾಂಗ್‌ಲಿಯಾನ್, ನಾನು ಚೂರು ಕೇಳಿ ಬಾಯಿಗೆ ಹಾಕ್ಕೊಂಡಿದ್ದು ಅಲ್ಲೇ. ಕುದಿಸೋ ತಾಪತ್ರಯನೂ ಇಲ್ಲ, ಅವರೇ ಕುದಿಸಿ ಹಾಲಿನ ಪ್ಯಾಕೆಟ್ ಥರ ಸೀಲ್ ಮಾಡಿ ಕೊಡ್ತಾರೆ, ಫ್ರಿಜ್ಜಲ್ಲಿ ಇಟ್ಕೊಂಡು ಬಿಸಿ ಮಾಡಿ ಕುಡಿಯೋದು.

ಕುಡಿಯೋಕೆ ಶುರು ಮಾಡಿದ್ಮೇಲೆ ಇದರ ಹಿಂದೆ ಏನಿದೆ ನೋಡೋಣ ಅಂತ ಓದೋಕೆ ಕೂತೆ, ರಾತ್ರಿ ರಾತ್ರಿ ಕೂತೆ. ಚೀನೀಯರ ಹಳೇ ಗ್ರಂಥಗಳಲ್ಲಿ ಈ ಕಾಯಿಲೆಗೆ ಶಿಯಾವೋಕೆ ಅಂತಾರೆ, ಮೈ ಕರಗಿಸೋ ಬಾಯಾರಿಕೆ ಅಂತ ಅರ್ಥ. ಸುಮಾರು 2000 ವರ್ಷ ಹಳೇದಾದ ಹುವಾಂಗ್‌ದಿ ನೇಯ್‌ಜಿಂಗ್ ಅನ್ನೋ ವೈದ್ಯ ಗ್ರಂಥದಲ್ಲೇ ಹೇಳಿದ್ದಾರೆ, ಸಿಹಿ, ಜಿಡ್ಡು ಜಾಸ್ತಿ ತಿನ್ನೋ ಉಳ್ಳವರಿಗೆ ಮೊದಲು ಬಾಯಲ್ಲಿ ಸಿಹಿ ಬರೋ ಒಂದು ಕಾಯಿಲೆ ಬರುತ್ತೆ, ಪಿದಾನ್ ಅಂತ, ಬಿಟ್ರೆ ಅದೇ ಮುಂದೆ ಶಿಯಾವೋಕೆ ಆಗುತ್ತೆ ಅಂತ. ನಮ್ಮ ಕಡೆ ಸುಶ್ರುತ, ಚರಕ ಮಧುಮೇಹ ಅಂದ್ರು, ಮೂತ್ರ ಜೇನಿನ ಹಾಗೆ ಅಂತ. ಚೀನೀಯರಲ್ಲೂ 7ನೇ ಶತಮಾನದ ಒಬ್ಬ ವೈದ್ಯ ರೋಗಿಗಳ ಮೂತ್ರ ಸಿಹಿ ಅಂತ ಬರೆದಿಟ್ಟಿದ್ದನ್ನ 752ರಲ್ಲಿ ವಾಂಗ್ ತಾವೋ ಅನ್ನೋನು ತನ್ನ ದೊಡ್ಡ ಗ್ರಂಥದಲ್ಲಿ ಸೇರಿಸಿದ್ದಾನೆ. ಅದೇ ಗ್ರಂಥದಲ್ಲಿ ಕಾರಣನೂ ಇದೆ: ಉಂಡ ಧಾನ್ಯದ ಸಾರ ಮೇಲಕ್ಕೆ ಏರಿ ಮೈಗೆ ಹತ್ತದೆ ಎಲ್ಲಾ ಕೆಳಗೆ ಇಳಿದು ಹೋಗುತ್ತೆ, ಅದಕ್ಕೇ ಮೂತ್ರ ಸಿಹಿ, ಮೈ ಕೃಶ. ಇನ್ಸುಲಿನ್ ಹೆಸರೇ ಕೇಳದೆ ಇದ್ದ ಕಾಲದಲ್ಲಿ ಇಷ್ಟು ಹೇಳಿದಾರೆ ಅಂದ್ರೆ ಏನನ್ಬೇಕು.

ನನಗೆ ಎಲ್ಲರಿಗಿಂತ ಹತ್ತಿರ ಆಗಿದ್ದು ಮಾತ್ರ ಸುನ್ ಸಿಮಿಯಾವೋ. ಇವನೂ 7ನೇ ಶತಮಾನದವನೇ, ತಾಂಗ್ ಕಾಲದವನು, ಔಷಧಿ ರಾಜ ಅಂತ ಇವತ್ತಿಗೂ ಪೂಜೆ ಮಾಡ್ತಾರೆ. ಶಿಯಾವೋಕೆ ಬಂದೋರು ಮೂರು ಬಿಡ್ಬೇಕು ಅಂತಾನೆ: ಒಂದು ಹೆಂಡ, ಎರಡು ಹಾಸಿಗೆ ಸುಖ, ಮೂರು ಉಪ್ಪು ಪದಾರ್ಥ ಮತ್ತೆ ಗೋಧಿಹಿಟ್ಟಿನ ತಿನಿಸು. ಇವನ್ನ ಬಿಟ್ರೆ ಔಷಧಿನೇ ಕುಡೀದಿದ್ರೂ ಏನೂ ತೊಂದರೆ ಆಗಲ್ಲ, ಬಿಡದಿದ್ರೆ ಚಿನ್ನದಂಥ ಔಷಧಿ ಕೊಟ್ರೂ ಉಳಿಸೋಕಾಗಲ್ಲ ಅಂತ. ನಾನು ಈ ಸಾಲು ಓದಿದ್ದು ಬೀಫು ಹಾಕದ, ಮೊಟ್ಟೆ ಹಾಕಿದ ಒಂದು ದೊಡ್ಡ ಬೋಗುಣಿ ನೂಡಲ್ಸ್ ಮುಂದೆ ಕೂತ್ಕೊಂಡು. ಎರಡನೇದು ಊರು ಬಿಟ್ಟು ಬಂದಿದ್ದರಿಂದ ತಾನಾಗೇ ಪಾಲನೆ ಆಗ್ತಿತ್ತು, ಉಳಿದೆರಡೂ ಆಗ್ತಿರ್ಲಿಲ್ಲ.

ಈಗಿನ ಚೀನೀ ವೈದ್ಯರಲ್ಲಿ ತೋಂಗ್ ಶಿಯಾವೋಲಿನ್ ಅಂತ ಒಬ್ಬರಿದ್ದಾರೆ, ಬೀಜಿಂಗಿನ ಗ್ವಾಂಗಾನ್‌ಮೆನ್ ಆಸ್ಪತ್ರೆಯವರು. ಅವರ ವಾದ ನನಗೆ ಬಹಳ ಸರಿ ಅನ್ಸ್ತು. ಏನಂದ್ರೆ, ಹಳೇ ಕಾಲದಲ್ಲಿ ರೋಗ ಗೊತ್ತಾಗ್ತಿದ್ದಿದ್ದೇ ಬಾಯಾರಿಕೆ, ಹಸಿವು, ಸಣ್ಣಗಾಗೋದು ಇವೆಲ್ಲ ಬಂದ್ಮೇಲೆ. ಈಗ ರಕ್ತ ಪರೀಕ್ಷೆ ಇದೆ, ರೋಗಿ ಹೊಟ್ಟೆ ಬಿಟ್ಕೊಂಡು ದುಂಡಗೆ ಕೂತಿರ್ತಾನೆ, ಬಾಯಾರಿಕೆನೂ ಇಲ್ಲ ಏನೂ ಇಲ್ಲ. ಇವನದ್ದು ಇನ್ನೂ ಶಿಯಾವೋಕೆ ಅಲ್ಲ, ನೇಯ್‌ಜಿಂಗ್ ಹೇಳಿದ ಆ ಮೊದಲ ಹಂತ, ಪಿದಾನ್. ಆದ್ದರಿಂದ ಔಷಧಿನೂ ಬೇರೆ ಬೇಕು. ಅವರು ಹುವಾಂಗ್‌ಲಿಯಾನನ್ನ ದೊಡ್ಡ ಪ್ರಮಾಣದಲ್ಲಿ ಕೊಡೋದಕ್ಕೆ ಹೆಸರುವಾಸಿ, ಅದು ತಂಪು ಅಂತ ಜೊತೆಗೆ ಒಣಶುಂಠಿ. ನನ್ನ ಚೀಟಿಲಿ ಶುಂಠಿ ಯಾಕೆ ಬಂತು ಅಂತ ಆಗ ಗೊತ್ತಾಯ್ತು.

ಗೆಗೆನ್, ಹುವಾಂಗ್‌ಚಿನ್, ಹುವಾಂಗ್‌ಲಿಯಾನ್, ಜ್ಯೇಷ್ಠಮಧು, ಈ ನಾಲ್ಕು ಸೇರಿದ ಕಷಾಯ ಮೂಲದಲ್ಲಿ ಭೇದಿಗೆ ಕೊಡ್ತಿದ್ದಿದ್ದು, ಸುಮಾರು 1800 ವರ್ಷದ ಹಿಂದೆ ಜಾಂಗ್ ಜೋಂಗ್‌ಜಿಂಗ್ ಅನ್ನೋ ಚೀನೀ ವೈದ್ಯ ಬರೆದಿಟ್ಟಿದ್ದು. ಇದನ್ನೇ ತೋಂಗ್ ಅವರ ತಂಡ 187 ಜನ ಶುಗರ್ ರೋಗಿಗಳ ಮೇಲೆ 12 ವಾರ ನೋಡಿದ್ರು, 2015ರಲ್ಲಿ ಪ್ರಕಟ ಆಯ್ತು. ಅವರು ಮಾಡಿದ್ದ ಜಾಣತನ ಏನಂದ್ರೆ ನಾಲ್ಕು ಗುಂಪು ಮಾಡಿದ್ರು: ಜಾಸ್ತಿ ಡೋಸು, ಮಧ್ಯಮ, ಕಮ್ಮಿ, ಮತ್ತೆ ಏನೂ ಇಲ್ಲದ ಡಮ್ಮಿ. ಜಾಸ್ತಿ ಮತ್ತೆ ಮಧ್ಯಮ ಡೋಸಿನವರಿಗೆ ಶುಗರ್ ಇಳೀತು, ಕಮ್ಮಿ ಡೋಸಿನವರಿಗೆ ಡಮ್ಮಿಯವರಷ್ಟೇ. ಕಷಾಯ ಕುಡಿದ ಸಮಾಧಾನಕ್ಕೆ ಇಳಿಯೋದಾಗಿದ್ರೆ ಮೂರೂ ಗುಂಪಿಗೆ ಇಳೀಬೇಕಿತ್ತಲ್ವಾ. ಇನ್ನೊಂದು ವಿಷ್ಯ, ಶುಗರ್ ಇಳಿಯೋಕೆ ಮುಂಚೆ ಕರುಳಲ್ಲಿರೋ ಬ್ಯಾಕ್ಟೀರಿಯಾಗಳು ಬದಲಾಗಿದ್ವು, ಬ್ಯುಟಿರೇಟ್ ಅನ್ನೋ ಕರುಳಿಗೆ ಒಳ್ಳೇದಾದ ಆಮ್ಲ ತಯಾರಿಸೋ ಒಂದು ಜಾತಿ ಹೆಚ್ಚಾಗಿತ್ತು. 2012ರಲ್ಲಿ ಶೆನ್‌ಜೆನ್‌ನವರು 345 ಚೀನೀಯರ ಮಲ ಪರೀಕ್ಷೆ ಮಾಡಿ ಶುಗರ್ ಇರೋರಲ್ಲಿ ಬ್ಯುಟಿರೇಟ್ ಮಾಡೋ ಬ್ಯಾಕ್ಟೀರಿಯಾಗಳೇ ಕಮ್ಮಿ ಅಂತ ತೋರಿಸಿದ್ರು. ಕಮೋಡಿಗೆ ಅಂಟುತ್ತಾ ಅಂತ ಆ ಯಮ್ಮ ಕೇಳಿದಾಗ ನಾನು ಮುಖ ಕಿವಿಚಿದ್ದೆ.

ಇನ್ನು ಆ ಹಳದಿ ಬಣ್ಣ, ಆ ಕಹಿ, ಎರಡಕ್ಕೂ ಕಾರಣ ಬರ್ಬೆರಿನ್ ಅನ್ನೋ ಒಂದೇ ರಾಸಾಯನಿಕ. ಚೀನಾದಲ್ಲಿ ಅದರ ಮಾತ್ರೆ ಭೇದಿಗೆ ಅಂತ ಚೀಟಿ ಇಲ್ಲದೆ ಯಾವ ಅಂಗಡಿಲಾದ್ರೂ ಸಿಗುತ್ತೆ, ಅಗ್ಗ. ಶುಗರ್ ಇದ್ದ ರೋಗಿಗಳಿಗೆ ಭೇದಿ ಆದಾಗ ಇದನ್ನ ಕೊಟ್ರೆ ಭೇದಿ ಜೊತೆ ಶುಗರೂ ಇಳೀತಾ ಇದೆ ಅಂತ 1980ರ ದಶಕದಲ್ಲಿ ಅಲ್ಲಿನ ಡಾಕ್ಟ್ರುಗಳ ಕಣ್ಣಿಗೆ ಬಿತ್ತು. 2008ರಲ್ಲಿ ಶಾಂಘೈನವರು ಹೊಸದಾಗಿ ಶುಗರ್ ಬಂದ 36 ಜನರಲ್ಲಿ ಕೆಲವರಿಗೆ ಮೆಟ್‌ಫಾರ್ಮಿನ್, ಕೆಲವರಿಗೆ ಬರ್ಬೆರಿನ್, 500 ಮಿ.ಗ್ರಾಂ ದಿನಕ್ಕೆ ಮೂರು ಸಲ ಕೊಟ್ರು. ಮೂರು ತಿಂಗಳಲ್ಲಿ ಬರ್ಬೆರಿನ್ ಗುಂಪಿನ ಎಚ್‌ಬಿಎ1ಸಿ 9.5ರಿಂದ 7.5ಕ್ಕೆ ಬಂತು, ಮೆಟ್‌ಫಾರ್ಮಿನ್‌ಗೆ ಸರಿಸಮ. ಸಣ್ಣ ಪ್ರಯೋಗ, ಒಪ್ತೀನಿ. ನಾನು ಊರಿಗೆ ವಾಪಸ್ ಬಂದ್ಮೇಲೆ, 2020ರಲ್ಲಿ, 409 ಜನರ ಮೇಲೆ ದೊಡ್ಡದೊಂದು ಬಂತು, ಅದರಲ್ಲಿ ಸುಮಾರು 1 ಪಾಯಿಂಟ್ ಇಳೀತು, ಆದ್ರೆ ಡಮ್ಮಿ ಮಾತ್ರೆ ನುಂಗಿದವರಿಗೂ 0.6ರ ಹತ್ರ ಇಳಿದಿತ್ತು. ಹೀಗೆ ನೋಡಿದ್ರೆ ಗಡ್ಡೆಯ ಪಾಲು ಎಷ್ಟು ಅಂತ ನೀವೇ ಕಳೆದು ನೋಡಿ.

ತಮಾಷೆ ಅಂದ್ರೆ ಬರ್ಬೆರಿನ್ ನುಂಗಿದ್ರೆ ರಕ್ತಕ್ಕೆ ಸೇರೋದು ನೂರಕ್ಕೆ ಒಂದು ಪಾಲಿಗಿಂತ ಕಮ್ಮಿ. ಮತ್ತೆ ಕೆಲಸ ಹೇಗೆ ಮಾಡುತ್ತೆ? ಕರುಳಲ್ಲಿರೋ ಬ್ಯಾಕ್ಟೀರಿಯಾಗಳೇ ಅದನ್ನ ಸುಲಭವಾಗಿ ಹೀರ್ಕೊಳ್ಳೋ ಇನ್ನೊಂದು ರೂಪಕ್ಕೆ ತಿರುಗಿಸ್ತವೆ, ಕರುಳಿನ ಗೋಡೆ ದಾಟಿದ್ಮೇಲೆ ಅದು ವಾಪಸ್ ಬರ್ಬೆರಿನ್ ಆಗುತ್ತೆ ಅಂತ 2015ರಲ್ಲಿ ತೋರಿಸಿದ್ರು. ಒಳಗೆ ಹೋದದ್ದು ಜೀವಕೋಶಗಳ ಇಂಧನದ ಮೀಟರ್ ಇದೆಯಲ್ಲ, ಎಎಂಪಿಕೆ ಅಂತಾರೆ, ಅದನ್ನ ಚುರುಕು ಮಾಡುತ್ತೆ. ಮೆಟ್‌ಫಾರ್ಮಿನ್ ಕೂಡ ಹೆಚ್ಚುಕಮ್ಮಿ ಅದೇ ಬಾಗಿಲು ತಟ್ಟೋದು. ಅದರ ಮೂಲನೂ ಯೂರೋಪಿನ ಒಂದು ಗಿಡದ ರಾಸಾಯನಿಕವೇ, ಗಲೇಗಾ ಅಂತ. ಹಾಗಾಗಿ ಗಿಡಮೂಲಿಕೆ ವರ್ಸಸ್ ಇಂಗ್ಲಿಷ್ ಮೆಡಿಸಿನ್ ಅಂತ ವಾಟ್ಸಾಪಲ್ಲಿ ಜಗಳ ಆಡೋರನ್ನ ಕಂಡ್ರೆ ನನಗೆ ಈಗ ನಗು ಬರುತ್ತೆ.

ಇಷ್ಟೆಲ್ಲ ಓದಿ ನಾನು ಮಾಡಿದ ಘನಂದಾರಿ ಕೆಲಸ ಕೇಳಿ. ಕಷಾಯ ನಡೀತಾ ಇದ್ದಾಗಲೇ ಅಂಗಡಿಗೆ ಹೋಗಿ ಬರ್ಬೆರಿನ್ ಮಾತ್ರೆ ತಂದೆ, ಯಾರನ್ನೂ ಕೇಳದೆ. ಒಂದೊಂದು ಮಾತ್ರೆ 100 ಮಿ.ಗ್ರಾಂ, ಪ್ರಯೋಗದ ಲೆಕ್ಕಕ್ಕೆ ದಿನಕ್ಕೆ 15 ಆಗುತ್ತೆ. ಊಟಕ್ಕೆ ಐದೈದು ಎಣಿಸಿ ನುಂಗ್ದೆ, ಸಣ್ಣ ಸಣ್ಣ ಹಳದಿ ಮಾತ್ರೆ, ಬೆರಳಿಗೆಲ್ಲ ಬಣ್ಣ. ಭೇದಿ ನಿಲ್ಲಿಸೋ ಮಾತ್ರೆನ ಭೇದಿ ಇಲ್ಲದವನು ದಿನಕ್ಕೆ 15 ನುಂಗಿದ್ರೆ ಏನಾಗುತ್ತೆ ಅಂತ ಒಂದು ಕ್ಷಣ ಯೋಚನೆ ಮಾಡಿದ್ರೂ ಗೊತ್ತಾಗ್ತಿತ್ತು. ನಾಲ್ಕನೇ ದಿನಕ್ಕೆ ಹೊಟ್ಟೆ ಕಲ್ಲು. ಆರನೇ ದಿನ ಆಫೀಸಲ್ಲಿ ಹೊಟ್ಟೆ ಹಿಡ್ಕೊಂಡು ಕೂತಿದ್ದೆ, ಲಾವೋ ವಾಂಗ್ ಏನಾಯ್ತು ಅಂದ್ರೆ ಏನಿಲ್ಲ ಅಂದೆ. ಮೂಗ ಹುವಾಂಗ್‌ಲಿಯಾನ್ ತಿಂದಿದ್ದು ಅಂದ್ರೆ ಅಕ್ಷರಶಃ ಅದೇ. ಆ ಶಾಂಘೈ ಪ್ರಯೋಗದಲ್ಲೂ ಮೂರರಲ್ಲಿ ಒಬ್ಬರಿಗೆ ಹೊಟ್ಟೆ ತೊಂದರೆ ಆಗಿತ್ತು, ಅದೇ ಪೇಪರಲ್ಲೇ ಬರೆದಿದ್ರು, ನಾನು ನನಗೆ ಬೇಕಾದ ಸಾಲು ಮಾತ್ರ ಓದಿದ್ದೆ.

ವೈದ್ಯೆ ಹತ್ರ ಹೋಗಿ ಒಪ್ಪಿಕೊಂಡಾಗ ಚೆನ್ನಾಗೇ ಬೈದ್ರು. ನೀನು ಕುಡೀತಿರೋ ಕಷಾಯದಲ್ಲಿ ಇರೋದೂ ಅದೇ, ಮಾತ್ರೆಲಿ ಇರೋದೂ ಅದೇ, ಒಂದರ ಮೇಲೊಂದು ಯಾಕೆ ಹೇರ್ತೀಯ ಅಂತ. ಗಿಡದ್ದು ಅಲ್ವಾ ಅಂದೆ. ಅದಕ್ಕೆ ಅವರು ಹೇಳಿದ್ದು ಕೇಳಿ ಬೆಚ್ಚಿಬಿದ್ದೆ. ಶುಗರಿಗೆ ಅಂತ ಗಿಡಮೂಲಿಕೆ ಜೊತೆ ಗ್ಲಿಬೆನ್‌ಕ್ಲಮೈಡ್ ಅನ್ನೋ ಶುಗರ್ ಇಳಿಸೋ ಇಂಗ್ಲಿಷ್ ಔಷಧಿ ಬೆರೆಸಿದ ಗುಳಿಗೆ ಚೀನಾದಲ್ಲಿ ಬಹಿರಂಗವಾಗೇ ಇದೆ, ಒಂದೊಂದು ಗುಳಿಗೆಲಿ 0.25 ಮಿ.ಗ್ರಾಂ, ಲೇಬಲ್ ಮೇಲೆ ಬರೆದೂ ಇರುತ್ತೆ. ಓದೋಕೆ ಬರದೋರು ಇದು ಬರೀ ಬೇರು ನಾರು ಅಂದ್ಕೊಂಡು ಡಾಕ್ಟ್ರು ಕೊಟ್ಟ ಮಾತ್ರೆ ಜೊತೆ ಅದನ್ನೂ ನುಂಗಿದ್ರೆ ಶುಗರ್ ಪಾತಾಳಕ್ಕೆ. ಇನ್ನು ಲೇಬಲ್ ಮೇಲೆ ಹಾಕದೆ ಕದ್ದು ಬೆರೆಸೋರೂ ಇದ್ದಾರೆ, 2008ರಲ್ಲಿ ಸಿಂಗಾಪುರದಲ್ಲಿ ಗಂಡಸರ ಶಕ್ತಿಮಾತ್ರೆ ಅಂತ ಕಳ್ಳತನದಲ್ಲಿ ಮಾರಿದ ಸರಕಲ್ಲಿ ಇದೇ ಗ್ಲಿಬೆನ್‌ಕ್ಲಮೈಡ್ ಸೇರಿ ಶುಗರೇ ಇಲ್ಲದ ಜನ ಆಸ್ಪತ್ರೆ ಸೇರಿದ್ರು, ನಾಲ್ಕು ಜನ ಸತ್ತರು. ಅದೇ ಸಿಂಗಾಪುರ ಹುವಾಂಗ್‌ಲಿಯಾನನ್ನೇ 1970ರ ದಶಕದ ಕೊನೆಯಿಂದ ಮೂರು ದಶಕಕ್ಕೂ ಹೆಚ್ಚು ಕಾಲ ನಿಷೇಧ ಮಾಡಿತ್ತು. ಯಾಕಂದ್ರೆ ಎಳೇ ಕೂಸಿಗೆ ಇದನ್ನ ಕೊಟ್ರೆ ಕಾಮಾಲೆ ಜೋರಾಗಿ ಮಿದುಳಿಗೆ ಏರಬಹುದು ಅನ್ನೋ ಭಯ, ಜಿ6ಪಿಡಿ ಅನ್ನೋ ಕಿಣ್ವ ಕಮ್ಮಿ ಇರೋ ಮಕ್ಕಳಿಗಂತೂ ಇನ್ನೂ ಭಯ. ಆಮೇಲೆ 2010ರ ದಶಕದಲ್ಲಿ ನಿಷೇಧ ತೆಗೆದ್ರು, ಆದ್ರೂ ಬಸುರಿ, ಬಾಣಂತಿ, ಕೂಸುಗಳಿಗೆ ಬೇಡ ಅನ್ನೋ ಎಚ್ಚರಿಕೆ ಹೋಗಿಲ್ಲ. ಇದನ್ನ ನೆನಪಿಟ್ಕೊಳ್ಳಿ, ಆಮೇಲೆ ಬರ್ತೀನಿ.

ಮಾತ್ರೆ ಬಿಟ್ಟೆ. ಕಷಾಯ ಕುಡ್ದೆ, ಮೆಟ್‌ಫಾರ್ಮಿನ್ ನಿಯತ್ತಾಗಿ ನುಂಗ್ದೆ, ಸಂಜೆ ನದಿ ದಂಡೆ ಮೇಲೆ ಮುಕ್ಕಾಲು ಗಂಟೆ ನಡೆಯೋಕೆ ಶುರು ಮಾಡ್ದೆ. ನಡಿಗೆ ವಿಷ್ಯಕ್ಕೆ ಬಂದ್ರೆ, ಚೀನಾ ಜಗತ್ತಿಗೆ ಶುಗರ್ ಬಗ್ಗೆ ಕೊಟ್ಟ ಅತಿ ದೊಡ್ಡ ಕಾಣಿಕೆ ನನ್ನ ಪ್ರಕಾರ ಯಾವ ಬೇರೂ ಅಲ್ಲ, ದಾಚಿಂಗ್. ಈಶಾನ್ಯ ಚೀನಾದಲ್ಲಿರೋ ಎಣ್ಣೆ ಬಾವಿಗಳ ಊರು. 1986ರಲ್ಲಿ ಅಲ್ಲಿ ಶುಗರ್ ಅಂಚಲ್ಲಿದ್ದ 577 ಜನರನ್ನ 33 ಕ್ಲಿನಿಕ್‌ಗಳಲ್ಲಿ ಹಂಚಿ, ಕೆಲವರಿಗೆ ಊಟದ ಪಥ್ಯ, ಕೆಲವರಿಗೆ ವ್ಯಾಯಾಮ, ಕೆಲವರಿಗೆ ಎರಡೂ ಅಂತ ಆರು ವರ್ಷ ನೋಡಿದ್ರು. ಏನೂ ಮಾಡದೆ ಬಿಟ್ಟವರಲ್ಲಿ ಆರು ವರ್ಷಕ್ಕೆ 67.7 ಪರ್ಸೆಂಟ್ ಜನಕ್ಕೆ ಶುಗರ್ ಬಂತು, ಪಥ್ಯದವರಲ್ಲಿ 43.8, ವ್ಯಾಯಾಮದವರಲ್ಲಿ 41.1. ಎರಡೂ ಮಾಡಿದವರಲ್ಲಿ 46, ಯಾಕೆ ಸ್ವಲ್ಪ ಜಾಸ್ತಿ ಅಂತ ಕೇಳ್ಬೇಡಿ, ಎರಡೂ ಮಾಡಿ ಅಂದ್ರೆ ಮನುಷ್ಯ ಎರಡನ್ನೂ ಅರ್ಧರ್ಧ ಮಾಡ್ತಾನೆ ಅಂತ ನನ್ನ ಅನುಮಾನ. ಆರು ವರ್ಷಕ್ಕೆ ನಿಂತು ಹೋದ ಕಾರ್ಯಕ್ರಮ ಅದು, ಆದ್ರೂ 30 ವರ್ಷ ಬಿಟ್ಟು ಹೋಗಿ ನೋಡಿದಾಗ ಆವಾಗ ಪಥ್ಯ, ವ್ಯಾಯಾಮ ಮಾಡಿದವರಿಗೆ ಹೃದಯ, ಪಾರ್ಶ್ವವಾಯು ತೊಂದರೆಗಳು ನೂರಕ್ಕೆ 26 ಪಾಲು ಕಮ್ಮಿ ಇದ್ವು. ಸುನ್ ಸಿಮಿಯಾವೋ ಗೋರಿಲೇ ಎದ್ದು ಕೂತು ನಾನು ಹೇಳ್ಲಿಲ್ವಾ ಅಂದಿರ್ಬೇಕು.

2019ರಲ್ಲಿ ವಾಪಸ್ ಬಂದಾಗ ನನ್ನ ಎಚ್‌ಬಿಎ1ಸಿ 7.0. ಮೈಸೂರಿನ ಡಾಕ್ಟ್ರು ರಿಪೋರ್ಟ್ ನೋಡಿ ಏನ್ ಮಾಡಿದ್ರಿ ಅಂದ್ರು. ಕಷಾಯದ ಕಥೆ ಶುರು ಮಾಡ್ದೆ, ಅವರು ಕೈ ಎತ್ತಿ ನಿಲ್ಲಿಸಿ ತೂಕ ಎಷ್ಟು ಇಳೀತು ಅಂದ್ರು. ಐದೂವರೆ ಕೆಜಿ. ನೂಡಲ್ಸ್? ವಾರಕ್ಕೆ ಒಂದ್ಸಲ. ಬಿಯರ್? ಬಿಟ್ಟೆ ಸಾರ್. ಮಾತ್ರೆ? ದಿನಾ ತಗೊಂಡೆ. ಹಾಗಾದ್ರೆ ಕಷಾಯದಿಂದನೇ ಇಳೀತು ಅಂತ ಹೇಗೆ ಹೇಳ್ತೀರಿ ಅಂದ್ರು. ಹೇಳೋಕಾಗಲ್ಲ. ಕಷಾಯದಿಂದ ಇಳೀಲಿಲ್ಲ ಅಂತನೂ ಹೇಳೋಕಾಗಲ್ಲ ಅಂತ ಬಾಯಿಗೆ ಬಂದಿತ್ತು, ಹೊರಗೆ ಟೋಕನ್ ಹಿಡ್ಕೊಂಡು ಮೂವತ್ತು ಜನ ಕೂತಿದ್ರು, ಸುಮ್ನಾದೆ.

ಬರ್ಬೆರಿನ್ ನಮ್ಮಲ್ಲೂ ಇದೆ ಅಂತ ಆಮೇಲೆ ತಿಳೀತು. ಹಿಮಾಲಯದ ದಾರುಹರಿದ್ರದಲ್ಲಿ ಇದೆ, ನಮ್ಮ ಘಟ್ಟದ ಮರದರಿಶಿನದ ಬಳ್ಳಿಲಿ ಇದೆ. ಅದನ್ನ ಕಡಿದು ಕಡಿದು ಈಗ ಕಾಡಲ್ಲಿ ಹುಡುಕಿದ್ರೂ ಸಿಗೋದು ಅಪರೂಪ. ಚೀನಾದವರು ಹುವಾಂಗ್‌ಲಿಯಾನನ್ನ ಚೊಂಗ್‌ಚಿಂಗ್ ಕಡೆ ಶಿಜೂ ಅನ್ನೋ ಕಡೆ ನೆರಳಿನ ಚಪ್ಪರ ಹಾಕಿ ಬೆಳೀತಾರೆ, ಒಂದು ಬೆಳೆಗೆ ಐದು ವರ್ಷ ಕಾಯ್ತಾರೆ.

ಅಲ್ಲಿಂದ ಬರ್ತಾ ಒಂದು ಮುಷ್ಟಿ ಆ ಗಡ್ಡೆ ತಂದಿದ್ದೆ, ನೆನಪಿಗೆ. ಬೂಸ್ಟ್ ಡಬ್ಬಿಲಿ ಹಾಕಿ ಅಡುಗೆಮನೆ ಮೇಲಿನ ಶೆಲ್ಫಲ್ಲಿ ಇಟ್ಟು ಮರ್ತೇಬಿಟ್ಟಿದ್ದೆ. ಮುಂದಿನ ವರ್ಷ ತಂಗಿ ಬಾಣಂತನಕ್ಕೆ ಬಂದಿದ್ಲು. ಒಂದಿನ ಬೆಳಿಗ್ಗೆ ಕಾಫಿಗೆ ಅಂತ ಒಳಗೆ ಹೋದ್ರೆ ಅಮ್ಮ ನೆಲದ ಮೇಲೆ ಕೂತು ಸಾಣೆಕಲ್ಲಲ್ಲಿ ಕೂಸಿಗೆ ಬಜೆ ತೇಯ್ತಾ ಇದ್ರು, ಪಕ್ಕದಲ್ಲಿ ಒಳಲೆಲಿ ಹಾಲು. ಕಲ್ಲೆಲ್ಲ ಅರಿಶಿನ ಅರಿಶಿನ.

"ಏನೋ ಇದು, ಎಲ್ಲಿಂದ ತಂದ್ಯೋ ಈ ಬಜೆನ? ಇಷ್ಟು ಹಳದಿ ಬಿಡ್ತಿದೆ," ಅಂದ್ರು.

ಡಬ್ಬಿ ಮುಚ್ಚಳ ತೆಗೆದು ಪಕ್ಕದಲ್ಲಿ ಇಟ್ಟಿದ್ರು. ನಾನು ಕಲ್ಲನ್ನೇ ಎತ್ಕೊಂಡು ಸಿಂಕಿಗೆ ಓಡಿದೆ. ಅಮ್ಮ ಹಿಂದಿಂದ ಕೂಗ್ತಾನೇ ಇದ್ರು, ಹುಚ್ಚು ಹಿಡಿದಿದೆಯೇನೋ, ನಿನಗೂ ನಿನ್ನ ತಂಗಿಗೂ ಇದನ್ನೇ ತೇದು ಕೊಟ್ಟು ಸಾಕಿದ್ದು ಅಂತ. ಕೂಸಿಗೆ ಹುಟ್ಟಿದಾಗ ಕಾಮಾಲೆ ಆಗಿ ಎರಡು ದಿನ ನೀಲಿ ಲೈಟಿನ ಕೆಳಗೆ ಮಲಗಿಸಿದ್ರು, ಮನೆಗೆ ಬಂದು ಇನ್ನೂ ವಾರ ಆಗಿರ್ಲಿಲ್ಲ. ಕಲ್ಲು ಎಷ್ಟು ಉಜ್ಜಿದ್ರೂ ಹಳದಿ ಪೂರ್ತಿ ಹೋಗ್ಲಿಲ್ಲ, ಕೊನೆಗೆ ಹೊಸ ಸಾಣೆಕಲ್ಲು ತಂದ್ವಿ.

ಡಬ್ಬಿ ಈಗ ನನ್ನ ಬೀರುಲಿ ಇದೆ, ಬೀಗ ಹಾಕಿ. ಮೇಲೆ ಮಾರ್ಕರ್ ಪೆನ್ನಲ್ಲಿ ಮಗಳ ಕೈಲಿ ದೊಡ್ಡದಾಗಿ ಬರೆಸಿದೀನಿ: ಇದು ಬಜೆ ಅಲ್ಲ.